ಎಂಟು ಸಿಲಿಂಡರು

ಒಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಅರ್ಧ ಎಳೆದ ಷಟರಿನ ಹೊರಗೆ ಅವಳು ಉಸಿರು ಬಿಗಿಹಿಡಿದು ನಿಂತಳು. ವಾರದ ರಜೆ, ಮಟಮಟ ಮಧ್ಯಾಹ್ನ. ಗ್ಯಾರೇಜುಗಳ ಆ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಮೆಕ್ಯಾನಿಕ್ ಬೋಲ್ಟು ಮಾಮನಿಗೆ ಗ್ಯಾರೇಜಿನಲ್ಲಿ ಏನು ಕೆಲಸ?

ನಾಳೆ ಇನ್‌ಸ್ಪೆಕ್ಟರ್ ಬರುವವರಿದ್ದರು. ಅಪಘಾತದ ಮೇಲೆ ಇಲ್ಲಿಗೇ ಎಳೆದು ತಂದಿದ್ದ, ಅಣ್ಣನನ್ನು ಕೊಂದ ಕಾರಿನ ಎಂಜಿನ್ ನೋಡಲು. ದೂರು ಕೊಟ್ಟು ಬಂದವನು ಅಪ್ಪ. ನಾಳೆ ಕಳೆದರೆ ಗ್ಯಾರೇಜಿಗೆ ಬೀಗ, ಮಾಮನಿಗೆ ಜೈಲು.

ಅವಳು ಬಗ್ಗಿ ಒಳಗೆ ನುಸುಳಿದಳು.

ಕೆಂಪು ಕಾರಿನ ಮೂತಿ ಹಿಸುಕಿದ ಕಾಗದದಂತಿತ್ತು. ಅದರ ಮೇಲೆ ಸರಪಳಿಯ ರಾಟೆಗೆ ಒಂದು ದೊಡ್ಡ ಎಂಜಿನ್ ನೇತಾಡುತ್ತಿತ್ತು. ಪಕ್ಕದಲ್ಲಿ, ಗೋಣಿತಾಟಿನ ಮೇಲೆ, ಇನ್ನೊಂದು, ಚಿಕ್ಕದು. ಮಾಮ ಸುತ್ತಿಗೆ ಎತ್ತಿ ದೊಡ್ಡ ಎಂಜಿನ್ನಿನ ಮಗ್ಗುಲಿಗೆ ಬಾರಿಸುತ್ತಿದ್ದ.

ಕುಂಬಳಕಾಯಿ ಕಳ್ಳ ಕೊನೆಗೂ ಹೆಗಲು ಮುಟ್ಟಿಕೊಂಡಿದ್ದ.

"ಸಾಕ್ಷಿ ಮುಚ್ಚಿಡ್ತಾ ಇದೀರಾ?"

ಸುತ್ತಿಗೆ ಗಾಳಿಯಲ್ಲೇ ನಿಂತಿತು. "ಪುಟ್ಟಿ! ನೀನ್ಯಾಕಮ್ಮ ಬಂದೆ ಇಲ್ಲಿಗೆ?"

"ಎಂಜಿನ್ ಬದಲಾಯಿಸಿಬಿಟ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡ್ರಾ?"

"ಗೊತ್ತಾಗದಿದ್ರೆ ಒಳ್ಳೇದು," ಅಂದ ಮಾಮ. ಅವಳ ಮುಖ ನೋಡಲಿಲ್ಲ.

ಎಂಥ ಧೈರ್ಯ! ಅವಳಿಗೆ ಮೈಯೆಲ್ಲ ಉರಿಯಿತು. ನಾಲ್ಕು ಜನರ ಮುಂದೆ ಬಾಯಿ ಬಿಡದವಳು, ಮನಸ್ಸಿನಲ್ಲೇ ಜಗಳ ಆಡಿ ಮನಸ್ಸಿನಲ್ಲೇ ಸೋಲುವವಳು, ಈಗ ಚೀಲದಲ್ಲಿ ಫೋನು ಹುಡುಕಿದಳು.

ಆ ಕಾರು ಅಪ್ಪನಿಗಿಂತ ಹಳೆಯದು. ಎರಡೇ ಸೀಟು, ನೆಲಕ್ಕಂಟಿದ ಮೈ. ಒಂದು ಕಾಲದಲ್ಲಿ ರೇಸಿಗೆ ಓಡಿತ್ತಂತೆ. ಅಣ್ಣ ಅದನ್ನು ಹಗ್ಗ ಕಟ್ಟಿ ಎಳೆದು ತಂದ ದಿನ ಅಪ್ಪ, "ಕಾರು ತಂದ್ಯೋ, ಕೋಳಿಗೂಡು ತಂದ್ಯೋ?" ಎಂದು ಕೇಳಿದ್ದ. ಅದರ ಸ್ವಂತ ಎಂಜಿನ್ ತುಕ್ಕು ಹಿಡಿದು ಕಲ್ಲಾಗಿತ್ತು. ಬೇರೊಂದು ದೊಡ್ಡ ಕಾರಿನ ಎಂಟು ಸಿಲಿಂಡರಿನ ಎಂಜಿನ್ ತಂದು ಕೂರಿಸುವುದೆಂದು ಅಣ್ಣನೂ ಮಾಮನೂ ಸೇರಿ ತೀರ್ಮಾನಿಸಿದರು. ಆಮೇಲೆ ಊಟಕ್ಕೆ ಕೂತರೆ ಅದೇ ಮಾತು. "ಎಂಟು ಸಿಲಿಂಡರು ಅಮ್ಮ, ಎಂಟು!" "ಹಾಗಾದ್ರೆ ಅದನ್ನೇ ಮದುವೆ ಆಗಿಬಿಡೋ, ನಂಗೂ ಹೆಣ್ಣು ಹುಡುಕೋ ಕಾಟ ತಪ್ಪುತ್ತೆ," ಎನ್ನುತ್ತಿದ್ದಳು ಅಮ್ಮ.

ಆಮೇಲಾಮೇಲೆ ಅವನ ಮಾತು ಕಡಿಮೆಯಾಯಿತು. ಕೆಲಸದ ದಣಿವು ಎಂದುಕೊಂಡರು. ಒಂದು ಸಂಜೆ, "ಎಂಜಿನ್ ಕೂರಿಸಿ ಆಯ್ತು," ಎಂದಷ್ಟೇ ಹೇಳಿ ಕೋಣೆ ಸೇರಿದ. ಮರುದಿನ ಬೆಳಿಗ್ಗೆ ಕೈಗಡಿಯಾರ ಬಿಚ್ಚಿ ತಂಗಿಯ ಕೈಗೆ ಕಟ್ಟಿದ. "ಇಟ್ಕೊಳೇ. ಕಾರು ಓಡಿಸುವಾಗ ಕಿರಿಕಿರಿ." ಅಮ್ಮ ಮಿಕ್ಸಿ ಹಾಕಿದ್ದಳು. ಕಾರು ಹೊರಟದ್ದು ಯಾರಿಗೂ ಕೇಳಿಸಲಿಲ್ಲ.

ಊರಾಚೆ, ದಾರ ಹಿಡಿದು ಎಳೆದಂಥ ನೇರ ರಸ್ತೆ. ಅದರ ತುದಿಯಲ್ಲಿ ಗೋದಾಮಿನ ಗೋಡೆ. ರಸ್ತೆಯಲ್ಲಿ ಬ್ರೇಕ್ ಹಾಕಿದ ಗುರುತೇ ಇರಲಿಲ್ಲ. "ಆ ವೇಗದಲ್ಲಿ ಬ್ರೇಕು ಎಲ್ಲಿ ನೆನಪಾಗುತ್ತೆ?" ಎಂದು ಅಪ್ಪ ಎದೆ ಎದೆ ಬಡಿದುಕೊಂಡಿದ್ದ. "ಹುಡುಗನ ಕೈಗೆ ರಾಕ್ಷಸನ್ನ ಕೊಟ್ಟುಬಿಟ್ಟ ಆ ಪಾಪಿ!"

ಅಮ್ಮನದು ಬೇರೆಯೇ ಗೋಳು. ಅನ್ನ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದವಳು, "ನಾನೇನಾದ್ರೂ ಅಂದ್ನೇನೇ ಅವನಿಗೆ? ಹಿಂದಿನ ದಿನ ನಾನೇನಾದ್ರೂ ಅಂದ್ನಾ?" ಎಂದು ಒಂದೇ ಸಮನೆ ಕೇಳುತ್ತಿದ್ದಳು. ಮಾಮ ಬಂದು ಹೊಸಿಲಾಚೆಯೇ ನಿಂತು, "ದೊಡ್ಡ ಎಂಜಿನ್ ಕೂರಿಸಿಕೊಟ್ಟಿದ್ದು ನಾನೇ ಅಕ್ಕ. ತಪ್ಪು ನಂದು," ಎಂದ ಮೇಲೆ ಆ ಪ್ರಶ್ನೆ ನಿಂತಿತು. ಅಂದು ಸಂಜೆ ಎದ್ದು ಕೂತು ತಟ್ಟೆ ಕೇಳಿದಳು. "ಅವನಿಗೆ ಶಾಪ ಹಾಕೋಕಾದ್ರೂ ನಾನು ಬದುಕಿರಬೇಕು."

"ಅಕ್ಕ ಊಟ ಮಾಡಿದ್ರಾ?" ಮಾಮ ಈಗ ಕೇಳಿದ.

"ನಿಮಗ್ಯಾಕೆ? ನಿಮ್ಮನ್ನ ಬೈದು ಎರಡು ತುತ್ತು ತಿಂದಳು."

"ಬೈಲಿ. ಚೆನ್ನಾಗಿ ಬೈಲಿ."

ಅವಳು ಫೋನೆತ್ತಿದಳು. "ಈಗಲೇ ಫೋಟೋ ತೆಗೆದು ಇನ್‌ಸ್ಪೆಕ್ಟರಿಗೆ ಕಳಿಸ್ತೀನಿ."

"ಬೇಡ ಪುಟ್ಟಿ," ಅಂದ ಮಾಮ. "ನಿನ್ನ ಕಾಲಿಗೆ ಬೀಳ್ತೀನಿ. ನಾಳೆ ತೆಗಿ. ಎಲ್ಲ ಕೂರಿಸಿ ಆದ ಮೇಲೆ ತೆಗಿ."

ಅವಳು ಕೇಳಲಿಲ್ಲ. ಫೋನಿನ ಚೌಕಟ್ಟಿನೊಳಗೆ ದೊಡ್ಡ ಎಂಜಿನ್ ಬಂತು. ತಿಕ್ಕಿ ಒರೆಸಿದ ಹೊಳಪು. ಎಣ್ಣೆಯ ಹನಿಯಿಲ್ಲ, ಧೂಳಿಲ್ಲ. ಸುತ್ತಿಗೆಯ ಹಸಿ ಪೆಟ್ಟುಗಳನ್ನು ಬಿಟ್ಟರೆ ಮೈಮೇಲೆ ಒಂದು ಗೀರೂ ಇಲ್ಲ.

ಗೋಡೆಗೆ ಗುದ್ದಿದ ಎಂಜಿನ್ನಿಗೆ ಒಂದು ಗೀರೂ ಇಲ್ಲ.

ಅವಳು ಫೋನನ್ನು ಗೋಣಿತಾಟಿನತ್ತ ತಿರುಗಿಸಿದಳು. ಚಿಕ್ಕ ಎಂಜಿನ್ನಿನ ಮುಂಭಾಗ ಒಡೆದು ಬಾಯಿಬಿಟ್ಟಿತ್ತು. ಮುರಿದ ಫ್ಯಾನಿನ ಎಸಳು ಅದರೊಳಗೇ ನಾಟಿಕೊಂಡಿತ್ತು. ಸಂದುಗಳಲ್ಲಿ ಗಾಜಿನ ಪುಡಿ. ಕೆಂಪು ಬಣ್ಣದ ಚಕ್ಕೆಗಳು.

"ಮಾಮ," ಅವಳು ಚಿಕ್ಕ ಎಂಜಿನ್ನಿನತ್ತ ಕೈ ತೋರಿಸಿದಳು. "ಇದು... ಇದು ಎಷ್ಟು ವೇಗ ಹೋಗುತ್ತೆ?"

"ಸಾಮಾನು ಸಾಗಿಸೋ ಗಾಡೀದಮ್ಮ. ಐವತ್ತು ದಾಟಿದ್ರೆ ಏದುಸಿರು ಬಿಡುತ್ತೆ." ಮಾಮ ಸುತ್ತಿಗೆ ಕೆಳಗಿಟ್ಟ. "ದೊಡ್ಡದನ್ನ ಕೂರಿಸೋಕೆ ಇನ್ನೂ ಕೆಲಸ ಇತ್ತು, ತಡಿಯೋ ಅಂದೆ. 'ಯಾವುದಾದ್ರೂ ಹಾಕಿಕೊಡು ಮಾಮ, ಒಂದು ಸಲ ಓಡಿದ್ರೆ ಸಾಕು' ಅಂದ. ಅವಸರದ ಹುಡುಗ ಅಂತ ನಕ್ಕೊಂಡು ಹಾಕಿಕೊಟ್ಟೆ. ಇದು ಗೊತ್ತಾದ್ರೆ ಅಕ್ಕ ಮತ್ತೆ ಅನ್ನ ಬಿಡ್ತಾರೆ."

ತಂಗಿ ಫೋನನ್ನು ಚೀಲಕ್ಕೆ ಹಾಕಿದಳು. ಸರಪಳಿಯ ಇನ್ನೊಂದು ಎಳೆ ಹಿಡಿದಳು. ಅಣ್ಣ ಒಂದು ದಿನವೂ ಓಡಿಸದ ಎಂಟು ಸಿಲಿಂಡರಿನ ಎಂಜಿನ್ ಮೆಲ್ಲಗೆ ಅವನ ಕಾರಿನೊಳಕ್ಕೆ ಇಳಿಯತೊಡಗಿತು.