ಕ್ಲಚ್ಚಿನ ಬೆರಳು

ರೇಸಿನಲ್ಲಿ ಕೊನೆಯವನಾಗಿ ಗುರಿ ಮುಟ್ಟಿದ ನಿಕಾನೋರ್ ಬೈಕಿನಿಂದ ಇಳಿಯುವ ಮೊದಲೇ, ಅವನ ಹೆಂಡತಿಯೂ ಮೆಕ್ಯಾನಿಕ್ಕೂ ಆದ ಬಸೀಲಿಯಾ ಅವನ ಎಡಗೈಯ ಗ್ಲೌಸನ್ನು ಎಳೆದು ತೆಗೆದಳು. "ಟೇಪು ಹರ್ಕೊಂಡಿರ್ತೀಯ ಬಿಡು, ಕಳ್ಳ. ಮುಂದಿನ ಸಲ ತಂತೀಲೇ ಬಿಗೀತೀನಿ."

ಬೆಳಿಗ್ಗೆ ಅವಳೇ, ಕ್ಲಚ್ಚಿನ ಕಡೆ ಹೋಗದಿರಲೆಂದು, ಅವನ ತೋರುಬೆರಳನ್ನು ನಡುಬೆರಳಿಗೆ ಸೇರಿಸಿ ಕಪ್ಪು ಟೇಪು ಸುತ್ತಿದ್ದಳು. ಅವನ ಹಳೆಯ ಟೂ-ಸ್ಟ್ರೋಕ್ ಬೈಕು ತಿರುವಿನಲ್ಲಿ ಸೊರಗುತ್ತಿತ್ತು. ಆ ಬೆರಳಿನಿಂದ ಕ್ಲಚ್ಚನ್ನು ಮಿಡಿದು ಮಿಡಿದು ಅದನ್ನು ಕೆರಳಿಸಬೇಕಿತ್ತು. ಈಗಿನ ಹೊಸ ಫೋರ್-ಸ್ಟ್ರೋಕ್ ಬೈಕು ತಾನಾಗಿಯೇ ಎಳೆಯುತ್ತದೆ, ಸುಮ್ಮನೆ ಕ್ಲಚ್ ಮಿಡಿದರೆ ವೇಗವೇ ಹೋಗುತ್ತದೆ. ಇಪ್ಪತ್ತು ವರ್ಷದ ಆ ಚಾಳಿಯಿಂದಲೇ ಅವನು ಮೂರು ರೇಸು ಸೋತನೆಂದು ಕೊಚಬಾಂಬಾ ಊರಿನವರೆಲ್ಲ ಆಡಿಕೊಳ್ಳುತ್ತಿದ್ದರು. "ಬೆರಳೊಂದು ಕೆಟ್ಟಿದೆ ಕಣ್ರೋ, ಗಂಡ ಗಟ್ಟಿಯಾಗೇ ಇದಾನೆ" ಎಂದು ಅವಳೂ ನಕ್ಕಿದ್ದಳು.

ಟೇಪು ಸುತ್ತಿದ ಹಾಗೆಯೇ ಇತ್ತು. ಒಂದು ಅಂಚೂ ಎದ್ದಿರಲಿಲ್ಲ.

"ಒಂದ್ಸಲಾನೂ ಮುಟ್ಲಿಲ್ಲ ಕಣೇ," ಎಂದ ನಿಕಾನೋರ್, ಅವಳ ಮುಖ ನೋಡದೆ. "ಗಾಡಿ ಚೆನ್ನಾಗೇ ಓಡ್ತು."

ಪಕ್ಕದ ಡೇರೆಯಿಂದ ಇನ್ನೊಬ್ಬ ಸವಾರ ಎಲಿಯೊದೋರೊ, ಸಾಲ್ಟೆನ್ಯಾ ಎಂಬ ಮಾಂಸದ ಕಡುಬನ್ನು ಜಗಿಯುತ್ತಲೇ ಕೂಗಿದ: "ಏನಕ್ಕಾ, ಮತ್ತೆ ಬೆರಳೇನಾ?"

ಬಸೀಲಿಯಾ ಆ ಕೈಗೆ ಗ್ಲೌಸನ್ನು ಮೆಲ್ಲಗೆ ಮತ್ತೆ ತೊಡಿಸಿದಳು.

"ಹೂಂ ಕಣಪ್ಪಾ," ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. "ಮತ್ತದೇ ದರಿದ್ರ ಬೆರಳು!"