ಸೇನಾಪತಿಯ ಮೀಸೆ

ದುಭಾಷಿ ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲೇ ಮೇಜಿನಾಚೆ ಕೂತಿದ್ದ ನೆರೆದೇಶದ ಸೇನಾಪತಿಯ ಕೈ ತನ್ನ ದಪ್ಪ ಬಿಳಿ ಮೀಸೆಗೆ ಹೋಯಿತು. "ನಿನ್ನೆ ಮೊನ್ನೆ ಮೀಸೆ ಚಿಗುರಿದ ದೇಶ ನಮಗೆ ಬುದ್ಧಿ ಹೇಳೋದಾ? ಮೊದಲು ನಮ್ಮ ಕಡಲಿಂದ ಹಡಗು ಎತ್ಕೊಂಡು ಹೋಗಲಿ!" ಎಂದು ದುಭಾಷಿಯ ಕಡೆಯ ಮಂತ್ರಿ ಆಗಷ್ಟೇ ಗುಡುಗಿದ್ದರು. ಅದನ್ನು ಅವಳು ಸೇನಾಪತಿಯ ಭಾಷೆಗೆ ತಿರುಗಿಸುವುದು ಇನ್ನೂ ಬಾಕಿಯಿತ್ತು.

ಈ ಮನುಷ್ಯನಿಗೆ ನಮ್ಮ ಭಾಷೆ ಬರುತ್ತೆ! ಅವಳಿಗೆ ಥಟ್ಟನೆ ಹೊಳೆಯಿತು. ಹಾಗಾದರೆ ಬೆಳಗಿನಿಂದ ಮಂತ್ರಿಗಳು ಕಾರಿದ ಕೆಂಡವನ್ನೆಲ್ಲ ಅವಳು ತಣ್ಣಗೆ ಮಾಡಿ ದಾಟಿಸಿದ್ದು ಇವನಿಗೆ ಗೊತ್ತು. 'ಸೊಕ್ಕು' ಅಂದದ್ದನ್ನು 'ಉತ್ಸಾಹ' ಮಾಡಿದ್ದೂ ಗೊತ್ತು. ಇವನು ಬಾಯಿಬಿಟ್ಟರೆ ಅವಳ ಕೆಲಸವಂತೂ ಹೋದಂತೆಯೇ, ಸಂಧಾನವೂ ಮುರಿದುಬೀಳುತ್ತದೆ. ಆದರೂ ಅವಳಿಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಯಿತು. ಎಲ್ಲ ಕೇಳಿಸಿಕೊಂಡೂ ಈ ಪುಣ್ಯಾತ್ಮ ನನ್ನ ಮೆತ್ತಗಿನ ಮಾತಿಗೇ ಉತ್ತರ ಕೊಡುತ್ತಾ ಬಂದಿದ್ದಾನಲ್ಲ, ಯಾಕೆ?

ಅವಳ ಕಣ್ಣು ತನ್ನ ಬೆರಳ ಮೇಲೇ ನೆಟ್ಟಿರುವುದು ಸೇನಾಪತಿಗೂ ತಿಳಿಯಿತು. ಕೈಯನ್ನು ಮೆಲ್ಲಗೆ ಇಳಿಸಿ, ಏನೂ ಅರಿಯದವನಂತೆ ತನ್ನ ಭಾಷೆಯಲ್ಲಿ ಕೇಳಿದ: "ಏನಂದ್ರಮ್ಮ ನಿಮ್ಮ ಮಂತ್ರಿಗಳು?"

ಅವಳು ಅವನ ಮುಖ ನೋಡುತ್ತಲೇ ಹೇಳಿದಳು: "ನಿಮ್ಮ ದೇಶ ಇಷ್ಟು ಬೇಗ ಬೆಳೆದದ್ದು ಕಂಡು ನಮಗೆ ಬೆರಗು ಅಂದ್ರು. ಹಡಗುಗಳನ್ನ ಸ್ವಲ್ಪ ಹಿಂದಕ್ಕೆ ಕರೆಸಿಕೊಂಡ್ರೆ ಮಾತು ಮುಂದುವರಿಸೋಣ ಅಂದ್ರು."

ಸೇನಾಪತಿ ಮಂತ್ರಿಯ ಕಡೆ ತಿರುಗಿಯೂ ನೋಡಲಿಲ್ಲ. ಕಡಲಿನ ನಕ್ಷೆಯನ್ನು ಅವಳ ಮುಂದಕ್ಕೇ ಸರಿಸಿ ಹೇಳಿದ: "ಎಷ್ಟು ಹಿಂದಕ್ಕೆ ಅಂತ ಕೇಳಮ್ಮ."