ಸಬ್‌ವೂಫರ್ ಮಾತಾಡಿದರೆ

"ಆ ದೊಡ್ಡ ಡಬ್ಬ ಒಂದನ್ನ ತಗೊಂಡೋಗ್ಬುಡಿ ಅಣ್ಣ. ಸಣ್ಣವೆರಡು ಇರ್ಲಿ," ಎಂದಳು ಪ್ರೇಮಾ, ಮಹೇಂದ್ರ ಬೈಕಿನಿಂದ ಇಳಿಯುವ ಮೊದಲೇ.

ಮಹೇಂದ್ರನಿಗೆ ಮೈಯೆಲ್ಲ ಉರಿಯಿತು. ಡಬ್ಬವಂತೆ. ಎಚ್.ಡಿ. ಕೋಟೆಯಲ್ಲಿ ಅಂಗಡಿ ತೆರೆದ ಮೇಲೆ ಅವನು ಮನಸ್ಸಿಟ್ಟು ಹೊಂದಿಸಿದ ಮೊದಲ ಸೆಟ್ಟು ಅದು. ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಚಿಕ್ಕ ಸ್ಪೀಕರ್ ಜೋಡಿ, ಅವು ತಡೆದುಕೊಳ್ಳುವಷ್ಟೇ ಶಕ್ತಿಯ ಆಂಪ್ಲಿಫೈಯರ್, ಚಿಕ್ಕವುಗಳ ದನಿ ಎಲ್ಲಿ ಸೋಲುತ್ತದೋ ಅಲ್ಲಿಂದ ಕೆಳಗಿನದನ್ನೆಲ್ಲ ಹೊತ್ತುಕೊಳ್ಳುವ ಸಬ್‌ವೂಫರ್. ಅಗ್ಗದ ಮಾಲೇ, ನಿಜ. ಆದರೆ ಎಲ್ಲವೂ ಒಂದೇ ಗಂಟಲಿನಿಂದ ಹಾಡುವಂತೆ ಮಾಡಿದ್ದ. ಪ್ರೇಮಾಳ ಗಂಡ ಜಯರಾಮ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೇಳಿ, ಬಾಯಿಬಿಡದೆ ತಲೆಯಾಡಿಸಿ ಕೊಂಡಿದ್ದ. ಈಗ ಅವನು ಕೊಡಗಿನ ಎಸ್ಟೇಟಿನಲ್ಲಿ ಕೂಲಿಗೆ ಹೋಗಿದ್ದ. ಫೋನು ಮಾಡಿ ಕರೆಸಿದವಳು ಹೆಂಡತಿ.

"ಏನಾಗಿದೆ ಅದಕ್ಕೆ?"

"ಅದು ಮಾತಾಡಿದ್ರೆ ಅಜ್ಜ ಬತ್ತಾನೆ."

ಗಿರಿಜನರ ಹಾಡಿಯ ಕೊನೆಯ ಮನೆ. ಹಿತ್ತಲು ಮುಗಿದಲ್ಲಿ ಕಾಡು. ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು, ಆದರೂ ಅವಳು ಪಿಸುಮಾತಿನಲ್ಲೇ ಹೇಳಿದಳು.

ಮಹೇಂದ್ರ ನಗಲು ನೋಡಿದ. ಆಗಲಿಲ್ಲ. ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರದ ಗದ್ದೆ ಬಯಲಲ್ಲಿ ಬೆಳೆದವನು. ಮೂವತ್ತು ದಾಟಿದ್ದರೂ ಸ್ಮಶಾನದ ಪಕ್ಕ ಬೈಕು ಓಡಿಸುವಾಗ ಜೋರಾಗಿ ಹಾಡಿಕೊಳ್ಳುವ ಆಸಾಮಿ. ದೆವ್ವ ಇಲ್ಲ ಎಂದು ಕಂಡವರಿಗೆಲ್ಲ ಹೇಳುತ್ತಿದ್ದ, ಹೆಚ್ಚಾಗಿ ತನಗೇ.

ಒಳಗೆ ಸಬ್‌ವೂಫರ್‌ನ ನೇರ ಮೇಲೆ ಒಬ್ಬ ಮುದುಕನ ಫೋಟೋ ತೂಗುತ್ತಿತ್ತು. ಅದಕ್ಕೆ ಹಾರ. ಕೆಳಗೆ ಚಾಪೆಯ ಮೇಲೆ ಜಯರಾಮನ ತಾಯಿ ಚಿಕ್ಕಿ, ಮುರಿದ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಳು. ಮಗ್ಗುಲಲ್ಲಿ ಮೊಮ್ಮಗ, ಇನ್ನೂ ಕುತ್ತಿಗೆ ನಿಲ್ಲದ ಕೂಸು.

"ಇವರೇನಾ?" ಮಹೇಂದ್ರ ಫೋಟೋವನ್ನು ಕಣ್ಣಲ್ಲೇ ತೋರಿಸಿದ.

"ಊಂ, ನಮ್ಮೋರೇ. ದೊಡ್ಡಬೊಮ್ಮ," ಎಂದಳು ಚಿಕ್ಕಿ. "ತೀರ್ಕೊಂಡು ಎರಡು ವರ್ಸ ಆಯ್ತು."

ಮಹೇಂದ್ರ ಫೋಟೋಗೆ ಬೆನ್ನು ಕೊಡದಂತೆ ಓರೆಯಾಗಿ ಕೂತು ಸ್ಕ್ರೂಡ್ರೈವರ್ ತೆಗೆದ.

"ಬಂದು ಏನು ಮಾಡ್ತಾರೆ?"

"ಹಿತ್ತಲಲ್ಲಿ ನಿಂತ್ಕೋತಾನೆ. ಉಸ್ರು ಬುಡೋದು ಇಲ್ಲಿಗೇ ಕೇಳ್ತದೆ," ಎಂದಳು ಪ್ರೇಮಾ. "ಮೊನ್ನೆ ಹಲಸಿನಣ್ಣು ಇಟ್ಟು ಕೈ ಮುಗುದ್ವಿ, ಹೊಂಟೋದ. ಎಲ್ಲಾ ಸಲ ಹೋಗ್ತಾನಾ? ಹೋದ್ ವರ್ಸ ಪಕ್ಕದ್ಮನೆ ಮರಮ್ಮನ ಜೀವ ತಗೊಂಡೇ ಹೋದ. ಈಗ ಬಂದ್ರೆ ನಾನು ಅತ್ತೆನ ಎತ್ಲಾ, ಮಗನ್ನ ಎತ್ಲಾ? ಒಬ್ಳೇ ಇಬ್ಬರನ್ನೂ ಹೆಂಗಣ್ಣ ಎತ್ತಾಳು?"

ಮಹೇಂದ್ರನಿಗೆ ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಭಯವೇ ಆಯಿತು. ಅರ್ತಿಂಗ್ ಸರಿ ಇಲ್ಲದಿದ್ದರೆ ಸಬ್‌ವೂಫರ್ ಸುಮ್ಮನಿದ್ದಾಗಲೂ ಗುಂಯ್ ಎನ್ನುತ್ತದೆ. ಆ ನರಳಾಟವನ್ನೇ ಇವರು ಸತ್ತವನ ದನಿ ಅಂದುಕೊಂಡಿದ್ದಾರೆ ಎಂದು ಅವನು ಮನಸ್ಸಿನಲ್ಲೇ ತೀರ್ಮಾನ ಮಾಡಿದ. ಬಿಚ್ಚಿ ನೋಡಿದ. ಅರ್ತಿಂಗ್ ವೈರು ಸಡಿಲವಾಗಿಯೇ ಇತ್ತು. ಬಿಗಿ ಮಾಡಿದ. ಗುಂಯ್ ನಿಂತಿತು. ಹೋದ ಜೀವ ಬಂದಂತಾಯಿತು.

"ನೋಡಿ, ನಿಮ್ಮ ಅಜ್ಜನ್ನ ಆಚೆಗೆ ಓಡಿಸಿದೆ. ಇನ್ನು ಒಳಗಿಲ್ಲ."

"ಒಳಕ್ಕೆ ಯಾವಾಗ ಬಂದಿದ್ದ?" ಚಿಕ್ಕಿ ಗಾಬರಿಯಿಂದ ಕೇಳಿದಳು. "ಒಳಕ್ಕೆ ಬಂದಿದ್ರೆ ನಾವು ಇರ್ತಿದ್ವಾ?"

ಇವರಿಗೆ ಮಾತಲ್ಲಿ ಹೇಳಿ ಪ್ರಯೋಜನವಿಲ್ಲ, ತೋರಿಸಿಯೇ ಬಿಡೋಣ ಎಂದು ಮಹೇಂದ್ರ ಮೊಬೈಲು ಸಿಕ್ಕಿಸಿದ. ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋಗುವ ಒಂದೇ ಸ್ವರ, ಸೆಟ್ಟು ಹೊಂದಿದೆಯೋ ಇಲ್ಲವೋ ನೋಡಲು ಅವನು ಹಾಕುವಂಥದ್ದು.

"ಬ್ಯಾಡ ಕಣಪ್ಪ," ಎಂದಳು ಚಿಕ್ಕಿ. "ಅದು ಅವನ ಮಾತೇ. ಯಾರೋ ಕರೀತಾವ್ರೆ ಅನ್ಕೊಂಡು ಬತ್ತಾನೆ."

ಅವನು ಕೇಳಲಿಲ್ಲ. ಸ್ವರ ಇಳಿಯಿತು. ಚಿಕ್ಕ ಸ್ಪೀಕರುಗಳು ಸೋತು ಮೌನವಾದವು. ಸಬ್‌ವೂಫರ್ ಒಂದೇ ಉಳಿಯಿತು. ದನಿ ಕಿವಿಯಿಂದ ಜಾರಿ ಎದೆಗೆ, ಎದೆಯಿಂದ ನೆಲಕ್ಕೆ ಇಳಿಯಿತು. ಎಂಥ ಹೊಂದಾಣಿಕೆ ಎಂದು ಭಯದ ನಡುವೆಯೂ ಅವನಿಗೆ ಹೆಮ್ಮೆಯಾಯಿತು. ಸಾಕೆನಿಸಿ ಪ್ಲಗ್ಗು ಕಿತ್ತ.

ನೆಲದ ನಡುಕ ನಿಲ್ಲಲಿಲ್ಲ.

ಅವನು ಕೈಯಲ್ಲಿದ್ದ ಪ್ಲಗ್ಗನ್ನು ನೋಡಿದ. ಗೋಡೆಯ ಮೇಲೆ ಫೋಟೋ ಮೆಲ್ಲಗೆ ತಟತಟ ಎನ್ನುತ್ತಿತ್ತು. ಆಳದ ಗುಡುಗು, ಈಗ ತಾನೇ ನಿಂತದ್ದರ ಮರುದನಿಯಂತೆ, ಆದರೆ ಹತ್ತಿರ. ಮಹೇಂದ್ರ ಮಂಡಿಯೂರಿ ಕೈ ಜೋಡಿಸಿದ.

"ತಪ್ಪಾಯ್ತು ದೊಡ್ಡಬೊಮ್ಮಜ್ಜ. ಬಿಟ್ಟುಬಿಡಿ, ನಾನು ಈಗಲೇ ಹೊರಟೆ."

"ನಮ್ಮ ಮಾವನ್ನ ಯಾಕೆ ಕರೀತೀರಿ?" ಪ್ರೇಮಾ ಆಗಲೇ ಅತ್ತೆಯ ಕಂಕುಳಿಗೆ ಹೆಗಲು ಕೊಟ್ಟಿದ್ದಳು. "ಮಗನ್ನ ಎತ್ಕೊಳಿ. ಮುಂದ್ಲ ಬಾಗ್ಲಿಗೆ ನಡೀರಿ. ಉಸ್ರು ಬುಡ್ಬ್ಯಾಡಿ."

ಅವನು ಕೂಸನ್ನು ಎದೆಗೆ ಒತ್ತಿಕೊಂಡ. ಹಿತ್ತಲ ಕಿಟಕಿಯಿಂದ ಬರುತ್ತಿದ್ದ ಬಿಸಿಲು ಪೂರ್ತಿ ಮುಚ್ಚಿಹೋಯಿತು, ಒಳಗೆ ಕತ್ತಲಾಯಿತು. ಅವನು ತಿರುಗಿ ನೋಡಿದ.

ಆನೆ ಎಂದು ಕಿರುಚಲು ತೆರೆದ ಅವನ ಬಾಯಿಗೆ ಪ್ರೇಮಾಳ ಅಂಗೈ ಬಂದು ಬಿಗಿಯಾಗಿ ಒತ್ತಿತು: "ಹಾಡಿಲಿ ಆ ಹೆಸ್ರು ಎತ್ತಂಗಿಲ್ಲ ಅಣ್ಣ. ಅಜ್ಜ ಅನ್ನಿ."